ನೃಪತುಂಗನ ಕಾಲದ ಅಂಕಿಯ ಹಾರ

12345654321.

ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಹೇಳಲು ಹೊರಟರೆ ಬಾಯಿ ದಣಿಯುತ್ತದೆ, ನೋಡಿದರೆ ಕಣ್ಣು ತಣಿಯುತ್ತದೆ. ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುವ ಅಂಕಿಗಳು. ಎಡದಿಂದ ಓದಿದರೂ ಬಲದಿಂದ ಓದಿದರೂ ಅದೇ ಸಂಖ್ಯೆ.

ಒಂಬತ್ತನೇ ಶತಮಾನದ ಜೈನ ಗಣಿತಜ್ಞ ಮಹಾವೀರಾಚಾರ್ಯರು ತಮ್ಮ ಸಂಸ್ಕೃತ ಗ್ರಂಥ 'ಗಣಿತಸಾರಸಂಗ್ರಹ'ದಲ್ಲಿ ಗುಣಾಕಾರ ಕಲಿಸುವಾಗ ಇದನ್ನು ತಂದಿದ್ದಾರೆ. ಗ್ರಂಥದ ಆರಂಭದಲ್ಲಿ ಅವರು ಹೊಗಳುವ ದೊರೆ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ಅವನ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. 27994681ನ್ನು 441ರಿಂದ ಗುಣಿಸಿ ಎಂಬುದು ಲೆಕ್ಕ. ಒರಟಾದ ಎರಡು ಸಂಖ್ಯೆಗಳನ್ನು ಗುಣಿಸುತ್ತ ಹೋದ ಶಿಷ್ಯನಿಗೆ ಕೊನೆಯಲ್ಲಿ ದಕ್ಕುವುದು ಈ ಚೆಲುವು. 152207ನ್ನು 73ರಿಂದ ಗುಣಿಸಿದರೆ 11111111 ಬರುವ ಲೆಕ್ಕವೂ ಅಲ್ಲಿದೆ. ಇಂಥ ಗುಣಲಬ್ಧಗಳನ್ನು ಆಚಾರ್ಯರು ಕೊರಳ ಆಭರಣಕ್ಕೆ ಹೋಲಿಸಿದರು.

ಹಾರದಲ್ಲಿ ಕಣ್ಣಿಗೆ ಕಾಣುವುದು ಮಣಿ, ಹಿಡಿದಿಡುವುದು ದಾರ. ಈ ಸಂಖ್ಯೆಯ ದಾರ ಯಾವುದು?

ಅದು 111111ರ ವರ್ಗ. ಕಾಗದದ ಮೇಲೆ ಗುಣಿಸಿ ನೋಡಿ: ಆರು ಒಂದುಗಳ ಆರು ಸಾಲುಗಳು, ಪ್ರತಿ ಸಾಲೂ ಒಂದೊಂದು ಸ್ಥಾನ ಎಡಕ್ಕೆ. ಕೂಡಿದರೆ ಕಂಬಸಾಲುಗಳಲ್ಲಿ ಒಂದು, ಎರಡು, ಮೂರು ಎಂದು ಏರಿ, ನಡುವೆ ಆರು ಮುಟ್ಟಿ, ಮತ್ತೆ ಇಳಿಯುತ್ತದೆ. ಮೊತ್ತ ಎಲ್ಲೂ ಹತ್ತು ಮುಟ್ಟದ್ದರಿಂದ ದಶಕ ಒಯ್ಯುವ ಪ್ರಮೇಯವಿಲ್ಲ. ಒಂಬತ್ತು ಒಂದುಗಳವರೆಗೂ ಇದೇ ಕ್ರಮ: 12345678987654321. ಹತ್ತು ಒಂದುಗಳಿಗೆ ಬಂದಾಗ ನಡುವೆ ದಶಕ ಎದ್ದು 1234567900987654321 ಆಗುತ್ತದೆ. ಮಣಿಗಳ ಸಾಲು ಕೆಡುತ್ತದೆ.

ಇನ್ನೂ ಒಳಗೆ ಹೋಗೋಣ. 111111 ಎಂದರೆ 111ರ 1001 ಪಟ್ಟು. ಮೊದಲನೆಯದು 3 × 37. ಎರಡನೆಯದು 7 × 11 × 13. ಹೀಗಾಗಿ 111111ರಲ್ಲಿ ಐದು ಅವಿಭಾಜ್ಯ ಸಂಖ್ಯೆಗಳು ಒಂದೊಂದು ಬಾರಿ, ನಮ್ಮ ಹಾರದಲ್ಲಿ ಎರಡೆರಡು ಬಾರಿ. ಈಗ ಆಚಾರ್ಯರ ಲೆಕ್ಕದ ಗುಟ್ಟು ಬಿಡುತ್ತದೆ. 441 ಎಂಬುದು 3 × 7ರ, ಅಂದರೆ 21ರ ವರ್ಗ. 27994681 ಎಂಬುದು ಉಳಿದ 11, 13, 37ರ ಗುಣಲಬ್ಧವಾದ 5291ರ ವರ್ಗ.

ಅಂಕಿಗಳ ಏರಿಳಿತ ಹತ್ತರ ಆಧಾರದಲ್ಲಿ ಬರೆಯುವ ನಮ್ಮ ಪದ್ಧತಿಯ ಕೊಡುಗೆ. ಬೇರೆ ಆಧಾರದಲ್ಲಿ ಬರೆದರೆ ರೂಪ ಬದಲಾಗುತ್ತದೆ, ಆದರೆ ಆ ಐದು ಅವಿಭಾಜ್ಯಗಳು ಕದಲವು. ಮಕ್ಕಳಿಗೆ ಅಪವರ್ತನ ಕಲಿಸುವಾಗ ಬರೀ 24, 36ಗಳಿಗೆ ನಿಲ್ಲದೆ ಇಂಥ ಸಂಖ್ಯೆಯನ್ನೂ ಕೊಡಬೇಕು. ಚೆಲುವಿಗೂ ಕಾರಣವಿದೆ, ಅದನ್ನು ಹುಡುಕಿ ತೆಗೆಯಬಹುದು ಎಂಬುದು ಅವರಿಗೆ ಬೇಗ ತಿಳಿಯಲಿ.

ಒಂದಕ್ಕಿಂತ ದೊಡ್ಡದಾದ ಎರಡು ವರ್ಗಗಳ ಗುಣಲಬ್ಧವಾಗಿ ಈ ಹಾರವನ್ನು 15 ಬಗೆಯಲ್ಲಿ ಪೋಣಿಸಬಹುದು. ಒಂದನ್ನು ಮಹಾವೀರಾಚಾರ್ಯರು ಪೋಣಿಸಿದರು. 1089 × 11336689 ಇನ್ನೊಂದು. ಉಳಿದ 13 ನಿಮ್ಮ ಮನೆಯ ಮಕ್ಕಳಿಗೆ.