ಮಕ್ಕಳ ಕಥೆಯಲ್ಲಿ ದೊಡ್ಡವರ ದರಬಾರು

ಲೂಯಿಸ್ ಕ್ಯಾರಲ್ ಎಂದೊಡನೆ ನೆನಪಾಗುವುದು 1865ರಲ್ಲಿ ಪ್ರಕಟವಾದ ಆಲಿಸಳ ಕಥೆ. ಅದೇ ಲೇಖಕರು 1889ರಲ್ಲಿ ‘ಸಿಲ್ವಿ ಅಂಡ್ ಬ್ರೂನೊ’ ಎಂಬ ಕಾದಂಬರಿಯನ್ನೂ 1893ರಲ್ಲಿ ಅದರ ಉತ್ತರಾರ್ಧವನ್ನೂ ಹೊರತಂದರೆಂಬುದು ಬಹುಮಂದಿಗೆ ತಿಳಿದಿಲ್ಲ. ಎರಡೂ ಸಂಪುಟಗಳನ್ನು ಇತ್ತೀಚೆಗೆ ಓದಿ ಮುಗಿಸಿದಾಗ ನನ್ನಲ್ಲಿ ಉಳಿದದ್ದು ನಿರಾಸೆ.

ಕಥೆಯ ಬೀಜವೇನೋ ಚೆನ್ನಾಗಿದೆ. ಔಟ್‌ಲ್ಯಾಂಡ್ ಎಂಬ ಕಲ್ಪಿತ ರಾಜ್ಯದ ಅಧಿಪತಿಯ ಮಕ್ಕಳು ಸಿಲ್ವಿ ಮತ್ತು ಬ್ರೂನೊ. ಅಧಿಪತಿಯ ಸಹೋದರನೇ ಕುತಂತ್ರದಿಂದ ಅಧಿಕಾರ ಕಬಳಿಸುತ್ತಾನೆ. ಎಳೆಯ ಓದುಗರಿಗೆ ಇಷ್ಟು ಸಾಕಿತ್ತು. ಆದರೆ ಪುಟ ತಿರುವಿದಂತೆ ಕಥೆ ಇಂಗ್ಲೆಂಡಿನ ವಯಸ್ಕರ ಪಾಲಾಗುತ್ತದೆ. ವೈದ್ಯ ಆರ್ಥರ್ ಲೇಡಿ ಮ್ಯೂರಿಯಲ್‌ಳನ್ನು ಪ್ರೀತಿಸುತ್ತಾನೆ. ಅವಳಿಗೆ ಎರಿಕ್‌ನೊಡನೆ ವಿವಾಹ ನಿಶ್ಚಯವಾಗುತ್ತದೆ. ನಡುನಡುವೆ ಧರ್ಮ, ದಾನ, ಚರ್ಚಿನ ಪ್ರವಚನಗಳ ಕುರಿತು ದೀರ್ಘ ಜಿಜ್ಞಾಸೆ. ಮಕ್ಕಳು ಬಾಗಿಲ ಬಳಿ ಕಾಯುತ್ತ ನಿಲ್ಲುತ್ತಾರೆ.

ಕೃತಿಯಲ್ಲಿ ಮಿಂಚುಗಳಿಲ್ಲವೆಂದಲ್ಲ. ಒಂದು ಮೈಲಿಗೆ ಒಂದು ಮೈಲಿ ಅಳತೆಯ ನಕ್ಷೆಯೊಂದು ಉತ್ತರಾರ್ಧದಲ್ಲಿ ಬರುತ್ತದೆ. ಅದನ್ನು ಹರಡಿದರೆ ಹೊಲಕ್ಕೆ ಬಿಸಿಲು ಬೀಳದೆಂದು ರೈತರು ತಕರಾರು ತೆಗೆಯುತ್ತಾರೆ. ಭೂದಾಖಲೆಗಳೊಡನೆ ವರ್ಷಗಟ್ಟಲೆ ಏಗಿದ ನಾನು ಮನಸಾರೆ ನಕ್ಕೆ. ಇಂಥ ಪ್ರಸಂಗಗಳು ವಿರಳವೆಂಬುದೇ ಕೊರತೆ.

ಹೀಗೇಕಾಯಿತು? ಆಲಿಸಳ ಕಥೆಯನ್ನು ಕ್ಯಾರಲ್ ಮೊದಲು ಹೇಳಿದ್ದು 1862ರ ಜುಲೈ 4ರಂದು, ದೋಣಿಯಲ್ಲಿ ಕುಳಿತಿದ್ದ ಮೂವರು ಬಾಲಕಿಯರಿಗೆ. ಎದುರಿಗಿರುವ ಮಗು ಆಕಳಿಸಿದರೆ ಕಥೆ ದಾರಿ ಬದಲಿಸಲೇಬೇಕು. ‘ಸಿಲ್ವಿ’ಯಾದರೋ ವರ್ಷಗಟ್ಟಲೆ ಗೀಚಿಟ್ಟ ಬಿಡಿ ಬರಹಗಳನ್ನು ಪೋಣಿಸಿ, ಗಂಭೀರ ಚಿಂತನೆಗಳನ್ನು ಬೆರೆಸಿ ಕಟ್ಟಿದ ಕೃತಿ. ಮುನ್ನುಡಿಯಲ್ಲಿ ಲೇಖಕರೇ ಇದನ್ನು ವಿವರಿಸಿದ್ದಾರೆ. ಆಕಳಿಕೆಯನ್ನು ಗಮನಿಸುವ ಅವಕಾಶ ಅಲ್ಲಿರಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಮತ್ತೊಂದು ಸಂಗತಿಯೂ ಕಾಣುತ್ತದೆ. ಮಕ್ಕಳ ಪುಸ್ತಕಕ್ಕೆ ಹಣ ತೆರುವವರು ಹಿರಿಯರು, ಅನುಭೋಗಿಗಳು ಮಕ್ಕಳು. ಕೊಳ್ಳುವವರೂ ಬಳಸುವವರೂ ಬೇರೆಬೇರೆಯಾದಾಗ ಬರಹಗಾರರ ಕಣ್ಣು ಕೊಳ್ಳುವವರ ಮೆಚ್ಚುಗೆಯತ್ತ ಹೊರಳುವುದು ಸುಲಭ. ನೀತಿಯ ಉಪದೇಶ ಹೆಚ್ಚಿದ್ದಷ್ಟೂ ಪುಸ್ತಕ ಉತ್ತಮವೆಂದು ನಂಬುವ ಪಾಲಕರು ನಮ್ಮಲ್ಲೂ ಕಡಿಮೆಯಿಲ್ಲ.

ಆದ್ದರಿಂದ ಶಾಲಾ ಗ್ರಂಥಾಲಯಕ್ಕೆ ಪುಸ್ತಕ ಆರಿಸುವ ಮುನ್ನ ನಾಲ್ಕು ಮಕ್ಕಳ ಕೈಗೆ ಅದನ್ನು ಕೊಟ್ಟು ನೋಡುವುದು ಒಳಿತು. ದೊಡ್ಡವರು ಬೇಸರವಾದರೆ ಪತ್ರಿಕೆಗೆ ಬರೆಯುತ್ತಾರೆ. ಮಗು ದೂರು ಕೊಡುವುದಿಲ್ಲ. ಸದ್ದಿಲ್ಲದೆ ಓದುವುದನ್ನೇ ಬಿಟ್ಟುಬಿಡುತ್ತದೆ.