ಹಾಯಿಹಡಗುಗಳ ನಾವಿಕರಲ್ಲಿ ಸ್ಕರ್ವಿ

ಸ್ಕರ್ವಿಯು ಆಹಾರದಲ್ಲಿ 'ಸಿ' ಜೀವಸತ್ವದ ದೀರ್ಘಕಾಲದ ಕೊರತೆಯಿಂದ ಉಂಟಾಗುವ ರೋಗ. ಹಾಯಿಹಡಗುಗಳ ಕಾಲದಲ್ಲಿ ದೂರಯಾನದ ನಾವಿಕರ ಸಾವಿಗೆ ಇದು ಮುಖ್ಯ ಕಾರಣಗಳಲ್ಲೊಂದಾಗಿತ್ತು. ಕಾರವಾರದ ಸಮೀಪದ ಅಂಜದೀವ ದ್ವೀಪದಿಂದ 1498ರಲ್ಲಿ ಹೊರಟ ವಾಸ್ಕೋ ಡ ಗಾಮನ ಮರುಪ್ರಯಾಣ ಇದರ ಪ್ರಸಿದ್ಧ ನಿದರ್ಶನವಾಗಿದೆ.

ಕಾರಣ ಮತ್ತು ಲಕ್ಷಣಗಳು

ಮಾನವನ ದೇಹವು 'ಸಿ' ಜೀವಸತ್ವವನ್ನು ತಾನೇ ತಯಾರಿಸಲಾರದು. ಚರ್ಮ, ವಸಡು ಹಾಗೂ ರಕ್ತನಾಳಗಳನ್ನು ಬಲವಾಗಿಡುವ ಕೊಲಾಜೆನ್ ಎಂಬ ಪ್ರೋಟೀನಿನ ರಚನೆಗೆ ಅದು ಅವಶ್ಯಕ. ಒಣ ರೊಟ್ಟಿ ಮತ್ತು ಉಪ್ಪು ಹಾಕಿದ ಮಾಂಸವೇ ಹಡಗಿನ ಮುಖ್ಯ ಆಹಾರವಾಗಿದ್ದುದರಿಂದ, ಕೆಲವು ತಿಂಗಳುಗಳಲ್ಲಿ ನಿಶ್ಶಕ್ತಿ, ವಸಡಿನ ಊತ, ರಕ್ತಸ್ರಾವ, ಹಲ್ಲು ಸಡಿಲವಾಗುವಿಕೆ ಕಾಣಿಸಿಕೊಳ್ಳುತ್ತಿದ್ದವು. ಚಿಕಿತ್ಸೆಯಿಲ್ಲದಿದ್ದರೆ ಸಾವು ಸಂಭವಿಸುತ್ತಿತ್ತು.

ಅಂಜದೀವದಿಂದ ಮಲಿಂಡಿಗೆ

1498ರ ಏಪ್ರಿಲ್–ಮೇ ತಿಂಗಳುಗಳಲ್ಲಿ ಗಾಮನು ಆಫ್ರಿಕಾದ ಮಲಿಂಡಿಯಿಂದ ಕೇರಳದ ಕರಾವಳಿಗೆ ಸುಮಾರು 23 ದಿನಗಳಲ್ಲಿ ತಲುಪಿದ್ದನು. ಆಗ ನೈಋತ್ಯದ ಗಾಳಿ ಅನುಕೂಲವಾಗಿತ್ತು. ಹಿಂದಿರುಗುವಾಗ ಅಂಜದೀವದಲ್ಲಿ ತಂಗಿ, ಹಡಗುಗಳನ್ನು ದುರಸ್ತಿಗೊಳಿಸಿ, ಸಿಹಿನೀರು ತುಂಬಿಸಿಕೊಂಡು ಅಕ್ಟೋಬರ್ 5ರಂದು ಹೊರಟನು. ಈಶಾನ್ಯ ಮಾರುತವು ಇನ್ನೂ ನೆಲೆಗೊಂಡಿರಲಿಲ್ಲ. ಗಾಳಿಯಿಲ್ಲದ ದಿನಗಳು ಹಾಗೂ ಎದುರುಗಾಳಿಯಿಂದಾಗಿ ಆಫ್ರಿಕಾದ ತೀರ ಕಾಣಿಸಿದ್ದು 1499ರ ಜನವರಿ 2ರಂದು. ಈ ಸುಮಾರು ಮೂರು ತಿಂಗಳಲ್ಲಿ 30 ಮಂದಿ ಮೃತಪಟ್ಟರು; ಪ್ರತಿ ಹಡಗಿನಲ್ಲಿ ಕೆಲಸಕ್ಕೆ ಶಕ್ತರಾದವರು ಏಳೆಂಟು ಜನರು ಮಾತ್ರ. ಮಲಿಂಡಿಯಲ್ಲಿ ರೋಗಿಗಳಿಗಾಗಿ ಕಿತ್ತಳೆ ಹಣ್ಣುಗಳನ್ನು ತರಿಸಲಾಯಿತು. ಹಡಗುಗಳನ್ನು ನಡೆಸಲು ಜನರು ಸಾಲದೆ ಸಾವೊ ರಫೇಲ್ ಎಂಬ ಹಡಗನ್ನು ಸುಟ್ಟುಹಾಕಬೇಕಾಯಿತು.

ತಿಮಿಂಗಿಲ ಬೇಟೆಯ ಹಡಗುಗಳು

19ನೆಯ ಶತಮಾನದಲ್ಲಿ ಅಮೆರಿಕದ ನ್ಯೂ ಬೆಡ್‌ಫರ್ಡ್ ಮೊದಲಾದ ಬಂದರುಗಳಿಂದ ಹೊರಟ ತಿಮಿಂಗಿಲ ಬೇಟೆಯ ಹಡಗುಗಳು ಮೂರು ನಾಲ್ಕು ವರ್ಷ ಸಮುದ್ರದಲ್ಲಿರುತ್ತಿದ್ದವು. ಅವು ಪೆಸಿಫಿಕ್ ದ್ವೀಪಗಳಲ್ಲಿ ಆಗಾಗ್ಗೆ ತಂಗಿ ನೀರು, ತರಕಾರಿ, ಹಣ್ಣುಗಳನ್ನು ಪಡೆಯುತ್ತಿದ್ದವು. ಸ್ಕರ್ವಿಯ ಮಟ್ಟಿಗೆ ಯಾನದ ಒಟ್ಟು ಅವಧಿಗಿಂತಲೂ ತಾಜಾ ಆಹಾರವಿಲ್ಲದೆ ಕಳೆಯುವ ಅವಧಿಯೇ ನಿರ್ಣಾಯಕವಾಗಿತ್ತು.

ಚಿಕಿತ್ಸೆ

1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್, 12 ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಆರು ಬಗೆಯ ಚಿಕಿತ್ಸೆಗಳನ್ನು ಪರೀಕ್ಷಿಸಿದನು. ಕಿತ್ತಳೆ ಮತ್ತು ನಿಂಬೆ ಸೇವಿಸಿದವರು ಬೇಗನೆ ಚೇತರಿಸಿಕೊಂಡರು. ಆದರೂ ಆ ನೌಕಾಪಡೆಯು ನಿಂಬೆರಸದ ವಿತರಣೆಯನ್ನು ಅಧಿಕೃತವಾಗಿ ಆರಂಭಿಸಿದ್ದು 1795ರಲ್ಲಿ. ಹಣ್ಣಿನಲ್ಲಿದ್ದ ರೋಗನಿವಾರಕ ಅಂಶ ಆಸ್ಕಾರ್ಬಿಕ್ ಆಮ್ಲವೆಂಬುದು 1932ರಲ್ಲಿ ದೃಢಪಟ್ಟಿತು. ನೆಲ್ಲಿ, ಸೀಬೆ, ನಿಂಬೆ ಮತ್ತು ಹಸಿರು ಸೊಪ್ಪುಗಳು ಇದರ ಉತ್ತಮ ಆಕರಗಳಾಗಿವೆ.