ದಿನವೆಲ್ಲ ಏನು ಮಾಡಿದಿರಿ? ಒಮ್ಮೆ ಬರೆದು ನೋಡಿ!

ಮಧ್ಯಾಹ್ನ ಎರಡೂವರೆ. ಊಟದ ತಟ್ಟೆಗಳು ಸಿಂಕಿನಲ್ಲಿವೆ. ತಾರಸಿ ಮೇಲೆ ಬಟ್ಟೆ ಒಣಗಿದೆ. ಮಕ್ಕಳು ಬರೋಕೆ ಇನ್ನೂ ಒಂದು ಗಂಟೆ ಇದೆ. ಅಷ್ಟರಲ್ಲಿ ಫೋನು. ಆ ಕಡೆಯಿಂದ ಅಕ್ಕನೋ, ನಾದಿನಿಯೋ, 'ಏನ್ಮಾಡ್ತಿದೀಯೇ?' ಅಂತಾರೆ. ನಿಮ್ಮ ಬಾಯಿಂದ ಥಟ್ಟನೆ ಬರುವ ಉತ್ತರ ಯಾವುದು ಹೇಳಿ? 'ಏನಿಲ್ಲ, ಸುಮ್ನೆ ಕೂತಿದ್ದೆ!'

ಬೆಳಿಗ್ಗೆ ಐದೂವರೆಗೆ ಎದ್ದು ಹಾಲು ಕಾಯಿಸಿದ್ದು, ಮೂರು ಡಬ್ಬಿ ಕಟ್ಟಿದ್ದು, ಅತ್ತೆಗೆ ಮಾತ್ರೆ ಕೊಟ್ಟಿದ್ದು, ನೀರು ನಿಲ್ಲುವ ಮೊದಲು ಸಂಪು ತುಂಬಿಸಿದ್ದು ಯಾವುದೂ ಆ ಉತ್ತರದಲ್ಲಿ ಇಲ್ಲ. ಬೇರೆಯವರಿಗೆ ಹೇಳೋದಿರಲಿ, ನಮ್ಮ ಲೆಕ್ಕಕ್ಕೇ ಅದು ಸಿಕ್ಕಿರುವುದಿಲ್ಲ.

ಸರ್ಕಾರ ಮಾತ್ರ ಲೆಕ್ಕ ಹಾಕಿದೆ ನೋಡಿ. ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆ ಎಂದು ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2024ರಲ್ಲಿ ದೇಶಾದ್ಯಂತ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲೇ ಕಳೆಯುತ್ತಾರೆ. ಅಂದರೆ ಐದು ಗಂಟೆಗೆ ಹನ್ನೊಂದು ನಿಮಿಷ ಕಡಿಮೆ. ಅದೇ ಕೆಲಸಕ್ಕೆ ಕೈ ಹಾಕುವ ಗಂಡಸರು 88 ನಿಮಿಷ. 2019ರಲ್ಲಿ ಇದೇ ಲೆಕ್ಕ ಹೆಂಗಸರಿಗೆ 299 ನಿಮಿಷ ಇತ್ತು. ಐದು ವರ್ಷಕ್ಕೆ ಹತ್ತು ನಿಮಿಷ ಉಳಿತಾಯ ಆಗಿದೆ, ಖುಷಿಪಡೋಣ! ಮಕ್ಕಳನ್ನು, ವಯಸ್ಸಾದವರನ್ನು ನೋಡಿಕೊಳ್ಳುವ ಹೊತ್ತು ಇದರಲ್ಲಿ ಸೇರಿಲ್ಲ, ಅದರ ಲೆಕ್ಕವೇ ಬೇರೆ.

ಆದರೆ ಇವತ್ತಿನ ವಿಷಯ ಗಂಡಸರ ಪಾಲು ಎಷ್ಟು ಅನ್ನೋದಲ್ಲ. ಅದಕ್ಕೆ ಬೇರೆ ಜಗಳ ಆಡೋಣ. ಆ 289 ನಿಮಿಷ ಕಳೆದು ಉಳಿದ ನಿಮ್ಮ ಹೊತ್ತು ಎಲ್ಲಿ ಹೋಗ್ತಿದೆ, ಯಾರು ಹೇಳಿದ ಕಡೆಗೆ ಹೋಗ್ತಿದೆ ಅನ್ನೋದು ವಿಷಯ.

ಎದುರು ಮನೆಯ ಗೆಳತಿಯ ಕತೆ ಹೇಳ್ತೀನಿ. ಆಕೆಯ ಒಪ್ಪಿಗೆ ಇದೆ, ಹೆಸರು ಮಾತ್ರ ಬೇಡ ಅಂದಿದ್ದಾರೆ. ವಯಸ್ಸು ನಲವತ್ತೇಳು. ಮಗ ಎಂಜಿನಿಯರಿಂಗ್ ಸೇರಿ ಹಾಸ್ಟೆಲಿಗೆ ಹೋದ. ಒಂದು ಸಂಜೆ ಸೊಪ್ಪು ಬಿಡಿಸುತ್ತಾ ಕೂತಿದ್ದವರು ಇದ್ದಕ್ಕಿದ್ದಂತೆ, 'ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು, ಹೇಗೆ ಹೋಯ್ತೋ ಗೊತ್ತಿಲ್ಲ ಕಣ್ರೀ. ಇನ್ನಿಪ್ಪತ್ತು ವರ್ಷಾನೂ ಹೀಗೇ ಗೊತ್ತಾಗದ ಹಾಗೆ ಹೋಗಿಬಿಟ್ರೆ?' ಅಂದರು. ಅಳಲಿಲ್ಲ, ಸಿಟ್ಟೂ ಇರಲಿಲ್ಲ. ಹೆದರಿಕೆ ಇತ್ತು.

ಈ ಹೆದರಿಕೆ ನಿಮಗೂ ಒಂದಲ್ಲ ಒಂದು ದಿನ ಆಗಿರುತ್ತೆ. ಮಗಳ ಮದುವೆ ಮುಗಿಸಿ ಚಪ್ಪರ ಬಿಚ್ಚಿದ ಮಾರನೇ ದಿನ ಆಗಿರಬಹುದು. ಕನ್ನಡಿ ಮುಂದೆ ಒಂದು ಬಿಳಿಕೂದಲು ಕಂಡಾಗ ಆಗಿರಬಹುದು. ಅದನ್ನು ತಳ್ಳಿಹಾಕಬೇಡಿ.

ಯೋಚನೆ ಬೇರೆ, ಕೊರಗು ಬೇರೆ

'ನಮ್ಮ ಬಗ್ಗೆ ಯೋಚನೆ ಮಾಡೋಕೆ ಪುರುಸೊತ್ತೆಲ್ಲಿದೆ ಮೇಡಂ?' ಅಂತೀರಾ? ಪುರುಸೊತ್ತು ಬೇಕಾದಷ್ಟಿದೆ. ಪಾತ್ರೆ ತೊಳೆಯುವಾಗ, ಚಪಾತಿ ಲಟ್ಟಿಸುವಾಗ ನಮ್ಮ ತಲೆ ಒಂದು ನಿಮಿಷವೂ ಸುಮ್ಮನಿರೋದಿಲ್ಲ. ಆದರೆ ಅಲ್ಲಿ ಓಡುವುದೇನು? ಗೃಹಪ್ರವೇಶದಲ್ಲಿ ಓರಗಿತ್ತಿ ಹಾಗೆ ಯಾಕೆ ಅಂದಳು? ಇವರು ನನ್ನ ಹುಟ್ಟಿದ ಹಬ್ಬ ಯಾಕೆ ಮರೆತರು? ನನಗೇ ಯಾಕೆ ಹೀಗಾಗುತ್ತೆ? ಬರೀ 'ಯಾಕೆ'ಗಳ ಮೆರವಣಿಗೆ. ಪಾತ್ರೆ ತೊಳೆದು ಮುಗಿಯುತ್ತೆ, ಯಾಕೆ ಮುಗಿಯೋಲ್ಲ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ (1959-2013) ವರ್ಷಗಟ್ಟಲೆ ಅಧ್ಯಯನ ಮಾಡಿದ್ದು ಇದನ್ನೇ. ಒಂದೇ ನೋವನ್ನು ಮತ್ತೆ ಮತ್ತೆ ಅಗಿಯುತ್ತಾ ಕೂರುವವರಿಗೆ ಖಿನ್ನತೆ ಹೆಚ್ಚು ಕಾಡುತ್ತದೆ, ಹೆಚ್ಚು ದಿನ ಉಳಿಯುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಈ ಅಭ್ಯಾಸ ಜಾಸ್ತಿ ಎಂದು ಅವರು ಕಂಡುಕೊಂಡರು. ಇಂಗ್ಲಿಷಿನಲ್ಲಿ ಇದಕ್ಕೆ ದನ ಮೆಲುಕು ಹಾಕುವುದಕ್ಕಿರುವ ಪದವನ್ನೇ ಬಳಸುತ್ತಾರೆ. ನಮ್ಮಲ್ಲಿ ಮೆಲುಕು ಹಾಕೋದು ಅಂದರೆ ಸಿಹಿ ನೆನಪು. ನಾವು ಇದಕ್ಕೆ ಕೊರಗು ಅನ್ನೋಣ.

ಹಾಗಾದರೆ ಆತ್ಮಾವಲೋಕನ ಅಂದರೇನು? ದೊಡ್ಡ ಪದ ನೋಡಿ ಗಾಬರಿಯಾಗಬೇಡಿ. 'ಯಾಕೆ' ಬಿಟ್ಟು 'ಏನು', 'ಎಷ್ಟು', 'ಯಾವಾಗ' ಅಂತ ಕೇಳೋದು, ಅಷ್ಟೇ. ನನಗೇ ಯಾಕೆ ಹೀಗೆ ಅನ್ನುವುದಕ್ಕೆ ಉತ್ತರ ಇಲ್ಲ. ಇವತ್ತು ನನಗೆ ಯಾವಾಗ ಬೇಸರ ಬಂತು, ಆಗ ನಾನು ಏನು ಮಾಡ್ತಿದ್ದೆ ಅನ್ನುವುದಕ್ಕೆ ಉತ್ತರ ಇದೆ. ಅದು ತಲೆಯಲ್ಲಿ ಸಿಗೋದಿಲ್ಲ, ಕಾಗದದ ಮೇಲೆ ಸಿಗುತ್ತೆ.

ಲೆಕ್ಕದ ಪುಸ್ತಕದ ಕೊನೇ ಹಾಳೆ

ಹಾಲಿನ ಲೆಕ್ಕ, ಪೇಪರ್ ಲೆಕ್ಕ, ಇಸ್ತ್ರಿಯವನ ಲೆಕ್ಕ, ಚೀಟಿ ಕಟ್ಟಿದ್ದು... ನಮ್ಮಷ್ಟು ಲೆಕ್ಕ ಬರೆಯುವವರು ಬ್ಯಾಂಕಿನಲ್ಲೂ ಇಲ್ಲ! ಅದೇ ಪುಸ್ತಕದ ಕೊನೇ ಹಾಳೆ ತೆಗೆಯಿರಿ. ನಾಲ್ಕು ದಿನ ಹೊತ್ತಿನ ಲೆಕ್ಕ ಬರೆಯಿರಿ. ಅದರಲ್ಲಿ ಒಂದು ಭಾನುವಾರ ಇರಲಿ, ನಮ್ಮ ಭಾನುವಾರ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಗಂಟೆಗೊಮ್ಮೆ ಕೂತು ಬರೆಯಬೇಕಿಲ್ಲ. ತಿಂಡಿ ಆದ ಮೇಲೆ, ಮಧ್ಯಾಹ್ನ, ಮಲಗುವ ಮುಂಚೆ, ಹೀಗೆ ಮೂರು ಸಲ ಸಾಕು. ಏನು ಮಾಡಿದೆ, ಎಷ್ಟು ಹೊತ್ತು, ಆಗ ಮನಸ್ಸು ಹೇಗಿತ್ತು. ಮನಸ್ಸಿಗೆ ಒಂದು ಪದ ಸಾಕು. ಹಗುರ, ಸಿಟ್ಟು, ಬೇಸರ, ಖುಷಿ. ಒಳ್ಳೆಯವಳು ಅನ್ನಿಸಿಕೊಳ್ಳೋಕೆ ಬರೆಯಬೇಡಿ. ಸೀರಿಯಲ್ ನೋಡಿದ್ದನ್ನು, ಮೊಬೈಲಿನಲ್ಲಿ ಸೀರೆ ನೋಡುತ್ತಾ ಮುಕ್ಕಾಲು ಗಂಟೆ ಹೋಗಿದ್ದನ್ನೂ ಬರೆಯಿರಿ.

ಗೆಳತಿ ಹೀಗೇ ಬರೆದರು. ನಾಲ್ಕನೇ ದಿನ ಪುಸ್ತಕ ಹಿಡಿದುಕೊಂಡು ಬಂದರು. ತಾನು ಯಾವಾಗಲೂ ಅತ್ತೆಯ ಮೇಲೆ ಗೊಣಗುತ್ತಿದ್ದುದು, ಆದರೆ ಅತ್ತೆಯ ಕೆಲಸಕ್ಕೆ ಹೋಗಿದ್ದು ದಿನಕ್ಕೆ ಮುಕ್ಕಾಲು ಗಂಟೆ ಮಾತ್ರ! ಬೆಳಗಿನ ತಿಂಡಿಗೆ ಯಜಮಾನರಿಗೆ ಚಪಾತಿ, ಅತ್ತೆಗೆ ಗಂಜಿ, ತನಗೆ ನಿನ್ನೆಯ ಅನ್ನದ ಚಿತ್ರಾನ್ನ ಅಂತ ಮೂರು ಥರ ಮಾಡಿ ಒಂದೂಕಾಲು ಗಂಟೆ. ಟಿವಿ, ಮೊಬೈಲ್ ಸೇರಿ ಎರಡೂವರೆ ಗಂಟೆ, ಅದರ ಎದುರಿಗೆ ಬಹುಪಾಲು 'ಬೇಸರ' ಅಂತ ಅವರೇ ಬರೆದಿದ್ದರು. ತಾರಸಿ ಮೇಲೆ ಬಟ್ಟೆ ಮಡಚುವಾಗ 'ಹಗುರ'. ಇದು ಅವರಿಗೂ ಆಶ್ಚರ್ಯ.

ಆಮೇಲೆ ಇನ್ನೊಂದು ಹಾಳೆಯಲ್ಲಿ, ನಿಮಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಮೂರನ್ನು ಬರೆಯಿರಿ ಅಂದೆ. ಯೋಚನೆಯೇ ಮಾಡದೆ ಮೊದಲು ಬರೆದಿದ್ದು 'ಅಮ್ಮ'. ಅರಸೀಕೆರೆಯಲ್ಲಿ ಇದ್ದಾರೆ, ವಯಸ್ಸು ಎಪ್ಪತ್ತೆಂಟು. ಎರಡೂ ಹಾಳೆ ಪಕ್ಕಪಕ್ಕ ಇಟ್ಟು ಹುಡುಕಿದೆವು. ನಾಲ್ಕು ದಿನದಲ್ಲಿ ಅಮ್ಮನಿಗೆ ಸಿಕ್ಕಿದ್ದು 11 ನಿಮಿಷ. ಅದೂ ಒಗ್ಗರಣೆ ಹಾಕುತ್ತಾ, ಫೋನನ್ನು ಭುಜಕ್ಕೆ ಸಿಕ್ಕಿಸಿಕೊಂಡು. ತವರಿಗೆ ಹೋಗಿ ಎಷ್ಟು ದಿನವಾಯಿತು ಅಂದರೆ, ಹದಿನಾಲ್ಕು ತಿಂಗಳು. ಬೆಂಗಳೂರಿನಿಂದ ಅರಸೀಕೆರೆ ಎಷ್ಟು ದೂರ ಹೇಳಿ? ಬೆಳಿಗ್ಗೆ ರೈಲು ಹತ್ತಿದರೆ ಸಂಜೆ ವಾಪಸ್ ಬರಬಹುದು!

ಯಾರೂ ಅವರನ್ನು ತಡೆದಿರಲಿಲ್ಲ. 'ಮುಂದಿನ ತಿಂಗಳು' ಅನ್ನುವುದೇ ತಡೆದಿತ್ತು.

ಹೀಗೆ ತನ್ನ ದಿನವನ್ನೇ ಪರೀಕ್ಷೆ ಮಾಡಿಕೊಂಡವರಲ್ಲಿ ಇಂಗ್ಲೆಂಡಿನ ಮರಿಯನ್ ಮಿಲ್ನರ್ ಒಬ್ಬರು. 1926ರಲ್ಲಿ, ತನಗೆ ನಿಜಕ್ಕೂ ಸಂತೋಷ ಕೊಡುವುದು ಯಾವುದು ಅಂತ ತಿಳಿಯಲು ಡೈರಿ ಶುರುಮಾಡಿ, ಏಳು ವರ್ಷದ ಬರಹವನ್ನು ಇಟ್ಟುಕೊಂಡು ಪುಸ್ತಕ ಬರೆದರು. 1934ರಲ್ಲಿ ಅದು ಬಂದಾಗ ತನ್ನ ಹೆಸರು ಹಾಕಲಿಲ್ಲ, ಜೊವಾನಾ ಫೀಲ್ಡ್ ಎಂಬ ಬೇರೆ ಹೆಸರಿಟ್ಟರು. ತನಗೆ ಬೇಕು ಅಂದುಕೊಂಡದ್ದಕ್ಕೂ, ನಿಜಕ್ಕೂ ಸಂತೋಷ ಕೊಟ್ಟದ್ದಕ್ಕೂ ಎಷ್ಟೋ ಸಲ ಸಂಬಂಧವೇ ಇರಲಿಲ್ಲ ಅನ್ನೋದು ಡೈರಿಯಿಂದ ಅವರಿಗೆ ತಿಳಿದ ವಿಷಯ. ನಮ್ಮ ಗೆಳತಿಯ ಬಟ್ಟೆ ಮಡಚುವ 'ಹಗುರ'ವೂ ಅದೇ ಜಾತಿಯದು!

ಸಂಕಲ್ಪ ಹೇಗೆ ಮಾಡ್ತೀವಿ, ನೆನಪಿದೆಯಾ?

ಗೊತ್ತಾಯ್ತು, ಸರಿ. ಮುಂದೆ? ಇಲ್ಲೇ ನಾವು ಎಡವೋದು. 'ಇನ್ಮೇಲೆ ಅಮ್ಮನ್ನ ಚೆನ್ನಾಗಿ ನೋಡ್ಕೋತೀನಿ', 'ಇನ್ಮೇಲೆ ನನ್ನ ಆರೋಗ್ಯ ನೋಡ್ಕೋತೀನಿ' ಅಂತ ಅಂದುಕೊಂಡು ಪುಸ್ತಕ ಮುಚ್ಚುತ್ತೇವೆ. ಯುಗಾದಿಗೆ ಅಂದುಕೊಂಡಿದ್ದು ಶ್ರೀರಾಮನವಮಿಗೆ ಮರೆತಿರುತ್ತೆ.

ಗೌರಿ ಹಬ್ಬದಲ್ಲಿ, ವರಮಹಾಲಕ್ಷ್ಮಿ ವ್ರತದಲ್ಲಿ ಸಂಕಲ್ಪ ಮಾಡ್ತೀರಲ್ಲ, ಅದನ್ನು ಸ್ವಲ್ಪ ಗಮನಿಸಿ. ಯಾವ ದೇಶ, ಯಾವ ಸಂವತ್ಸರ, ಯಾವ ಮಾಸ, ಯಾವ ತಿಥಿ, ಯಾವ ವಾರ, ಮಾಡುವವರು ಯಾರು, ಯಾತಕ್ಕೆ ಮಾಡ್ತಿದ್ದಾರೆ... ಎಲ್ಲ ಬಾಯಿಬಿಟ್ಟು ಹೇಳಿದ ಮೇಲೇ ಪೂಜೆ. 'ಯಾವತ್ತಾದರೂ ಪೂಜೆ ಮಾಡ್ತೀನಿ' ಅನ್ನುವ ಸಂಕಲ್ಪ ಇಲ್ಲವೇ ಇಲ್ಲ! ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ 1990ರ ದಶಕದಿಂದ ಹೇಳಿಕೊಂಡು ಬಂದದ್ದೂ ಹೆಚ್ಚುಕಮ್ಮಿ ಇದನ್ನೇ. ಬರೀ ಗುರಿ ಇಟ್ಟುಕೊಂಡವರಿಗಿಂತ, ಯಾವಾಗ, ಎಲ್ಲಿ, ಹೇಗೆ ಅಂತ ಮೊದಲೇ ಗೊತ್ತುಮಾಡಿಕೊಂಡವರು ಅದನ್ನು ಮಾಡಿ ಮುಗಿಸುವುದು ಹೆಚ್ಚು.

ಗೆಳತಿಯ ಸಂಕಲ್ಪ ಹೀಗಾಯಿತು: 'ತಿಂಗಳ ಎರಡನೇ ಶನಿವಾರ ಬೆಳಗಿನ ರೈಲಿಗೆ ಅರಸೀಕೆರೆ. ರಾತ್ರಿ ಊಟದ ಹೊತ್ತಿಗೆ ಮನೆ.' ಮೂರಲ್ಲಿ ಒಂದು ಮಾತ್ರ. ಉಳಿದೆರಡು ಕಾಯಲಿ ಅಂದರು, ಸರಿಯಾಗೇ ಅಂದರು. ಒಟ್ಟಿಗೆ ಯೋಗ, ಇಂಗ್ಲಿಷ್ ಕ್ಲಾಸು, ಡಯಟ್ ಎಲ್ಲ ಹಚ್ಚಿಕೊಂಡರೆ ಯಾವುದೂ ಉಳಿಯೋಲ್ಲ.

ಒಂದು ಮಾತು ಗಮನಿಸಿ. ಇದನ್ನು ಆಕೆ ಮನೆಯಲ್ಲಿ ಹೇಳಿದ್ದು ಹೇಗೆ? 'ಹೋಗ್ಲಾ?' ಅಂತ ಕೇಳಲಿಲ್ಲ, 'ನಿಮಗೆಲ್ಲ ನನ್ನ ಮೇಲೆ ಕಾಳಜಿನೇ ಇಲ್ಲ' ಅಂತ ಸಿಡುಕಲೂ ಇಲ್ಲ. ಹದಿನೈದು ದಿನ ಮುಂಚೆ, ಕಾಫಿ ಕೊಡುವಾಗ, 'ಎರಡನೇ ಶನಿವಾರ ಅಮ್ಮನ ಹತ್ರ ಹೋಗ್ತೀನಿ, ಅವತ್ತು ತಿಂಡಿ, ಊಟ ನಿಮ್ದು' ಅಂದರು. ಯಜಮಾನರು ಪೇಪರಿಂದ ತಲೆ ಎತ್ತಿ, 'ಅಮ್ಮಂಗೆ ಗಂಜಿ ಯಾರು ಮಾಡ್ತಾರೆ?' ಅಂದರಂತೆ. ಒಳಗಿನಿಂದ ಅತ್ತೆ, 'ನಾನೇನು ಕೈಲಾಗದೋಳಾ? ಹೋಗ್ಬರ್ಲಿ ಬಿಡೋ' ಅಂದರಂತೆ! ಎಲ್ಲರ ಮನೆಯಲ್ಲೂ ಹೀಗೇ ಆಗುತ್ತೆ ಅಂತ ನಾನು ಹೇಳೋದಿಲ್ಲ. ಕೆಲವು ಮನೆಗಳಲ್ಲಿ ಎರಡು ದಿನ ಮುಖ ಊದಿರುತ್ತೆ. ಊದಿರಲಿ. ಚಿಕ್ಕದರಿಂದ ಶುರುಮಾಡಿ, ದಿನಕ್ಕೆ ಇಪ್ಪತ್ತು ನಿಮಿಷ ಕೇಳುವುದು ಸುಲಭ.

ತಪ್ಪಿದರೂ ಚಿಂತೆಯಿಲ್ಲ. ಎರಡನೇ ತಿಂಗಳು ಗೆಳತಿಯ ಮನೆಗೆ ನೆಂಟರು ಬಂದು ಪ್ರಯಾಣ ನಿಂತಿತು. 'ಮುಗೀತು ಬಿಡಿ' ಅಂತ ಕೂತರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ದಿನವೂ ಮಾಡುವ ಒಂದು ಹೊಸ ಕೆಲಸ ಅಭ್ಯಾಸವಾಗಲು ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕಾಗುವ ಅಂದಾಜಿತ್ತು, ನಡುವಿನ ಲೆಕ್ಕ 66 ದಿನ. ನಡುವೆ ಒಂದು ದಿನ ತಪ್ಪಿಸಿದ್ದರಿಂದ ಅಂಥ ನಷ್ಟವೇನೂ ಆಗಲಿಲ್ಲ. 21 ದಿನದಲ್ಲಿ ಅಭ್ಯಾಸ ಆಗಿಬಿಡುತ್ತೆ ಅನ್ನುವ ಮಾತು ಎಲ್ಲ ಕಡೆ ಕೇಳ್ತೀರಿ, ಅದನ್ನು ನಂಬಿ 22ನೇ ದಿನ ಬೇಜಾರು ಮಾಡ್ಕೋಬೇಡಿ.

ಪುಸ್ತಕ ಯಾರಾದರೂ ಓದಿಬಿಟ್ರೆ?

ಈ ಭಯ ಸಣ್ಣದಲ್ಲ. ತುಂಬಿದ ಮನೆಯಲ್ಲಿ ನಮ್ಮದು ಅಂತ ಬೀಗ ಹಾಕುವ ಒಂದು ಡ್ರಾಯರೂ ಇರೋಲ್ಲ. ಅದಕ್ಕೇ ಒಂದೊಂದೇ ಪದ ಬರೆಯಿರಿ ಅಂದಿದ್ದು. ಹೊತ್ತು, ಕೆಲಸ, ಮನಸ್ಸು ಮಾತ್ರ ಇದ್ದರೆ ಯಾರು ಓದಿದರೂ ಜಗಳಕ್ಕೆ ಎಡೆಯಿಲ್ಲ. ಮನಸ್ಸಿನ ಭಾರ ಇಳಿಸಲು ಉದ್ದಕ್ಕೆ ಬರೆಯಬೇಕು ಅನ್ನಿಸಿದರೆ ಬಿಡಿ ಹಾಳೆಯಲ್ಲಿ ಬರೆದು ಹರಿದುಹಾಕಿ. ಬರೆಯುವುದರಲ್ಲೇ ಅದರ ಪ್ರಯೋಜನ ಇದೆ. ಅಮೆರಿಕದ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಾಲ್ಕು ದಿನ, ದಿನಕ್ಕೆ 15 ನಿಮಿಷ ತಮ್ಮ ಕಹಿ ಅನುಭವವನ್ನೂ ಅದರ ನೋವನ್ನೂ ಬರೆದ ವಿದ್ಯಾರ್ಥಿಗಳು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋಗಿದ್ದು ಕಡಿಮೆ. ಆದರೆ ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಹಾಗಾಗಿ ರಾತ್ರಿ ಮಲಗುವ ಮುಂಚೆ ಹಳೇ ಗಾಯ ಕೆದಕಬೇಡಿ. ಹಗಲು ಹೊತ್ತು ಇಟ್ಟುಕೊಳ್ಳಿ.

ನಿಮ್ಮ ಪುಸ್ತಕದಲ್ಲಿ ಎರಡು ವಾರ ಬಿಡದೆ 'ಬೇಸರ'ವೇ ಬರುತ್ತಿದ್ದರೆ, ನಿದ್ದೆ, ಊಟ ಸೇರದಿದ್ದರೆ, ಅದು ಆತ್ಮಾವಲೋಕನದ ಕೆಲಸವಲ್ಲ, ವೈದ್ಯರ ಕೆಲಸ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಟೆಲಿ-ಮಾನಸ್‌ಗೆ 14416 ಒತ್ತಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನೆರೆಯವರಿಗೆ ಗೊತ್ತಾದೀತು ಅನ್ನುವ ಅಂಜಿಕೆಯೂ ಬೇಡ.

ಗೆಳತಿ ಈಗ ಐದು ಸಲ ಅರಸೀಕೆರೆಗೆ ಹೋಗಿ ಬಂದಿದ್ದಾರೆ. ಯಜಮಾನರು ಮಾಡಿದ ಮೊದಲ ಉಪ್ಪಿಟ್ಟಿಗೆ ಉಪ್ಪೇ ಇರಲಿಲ್ಲವಂತೆ. ಅತ್ತೆ ಉಪ್ಪಿನಕಾಯಿ ನೆಂಚಿಕೊಂಡು ತಿಂದರಂತೆ. ತವರಿನಲ್ಲಿ ಏನೇನು ಮಾತಾಡಿದ್ರಿ ಅಂತ ಕುತೂಹಲಕ್ಕೆ ಕೇಳಿದೆ. ಪುಸ್ತಕ ತೆಗೆದು ತೋರಿಸಿದರು. ಕಳೆದ ಎರಡನೇ ಶನಿವಾರದ ಎದುರಿಗೆ ಹೀಗಿತ್ತು: 'ಊಟ ಆದ್ಮೇಲೆ ಅಮ್ಮ ಮಲಗಿದ್ರು. ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸಿದೆ. 2 ಗಂಟೆ. ಹಗುರ.'